ಸಿಡಿಯಲ್ಲಿದ್ದ ಮದುವೆ ಫೋಟೋಗಳನ್ನು ಮನೆಯಲ್ಲೇ ಪ್ರಿಂಟ್ ಮಾಡುವುದು: ನನ್ನ ಅನುಭವ

ಕೊಡಗಿನಲ್ಲಿ ಮನೆಯಲ್ಲೇ ಫೋಟೋ ಪ್ರಿಂಟ್ ಮಾಡುವುದಕ್ಕೆ ಒಂದು ಒಳ್ಳೆಯ ಕಾಲ ಇದೆ. ತುಲಾ ಸಂಕ್ರಮಣ ಕಳೆದು ಮಳೆ ಹಿಡಿತ ಬಿಟ್ಟ ಮೇಲೆ, ಕಾಫಿ ಕೊಯ್ಲು ಜೋರಾಗುವುದಕ್ಕೆ ಮೊದಲು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಪ್ರಿಂಟರ್ ಮುಂದೆ ಕೂತರೆ ಪೇಪರ್ ಮುದುಡುತ್ತದೆ, ಇಂಕ್ ಬೇಗ ಒಣಗುವುದಿಲ್ಲ, ನಡುವೆ ಕರೆಂಟ್ ಬೇರೆ ಹೋಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ನಾನು ಪ್ರಿಂಟ್ ಮಾಡುವುದೇ ಇಲ್ಲ. ಆಗ ಡಿಸ್ಕ್‌ನಿಂದ ಫೋಟೋ ಹೊರಗೆ ತೆಗೆದು, ಆರಿಸಿ, ತಿದ್ದಿ ಇಟ್ಟುಕೊಳ್ಳುತ್ತೇನೆ. ನಮ್ಮ ಸುಗ್ಗಿ ಹಬ್ಬ ಹುತ್ತರಿ ಹೊತ್ತಿಗೆ ಪ್ರಿಂಟ್ ಕೈಗೆ ಬರುತ್ತದೆ.

ನಮ್ಮದು ಪೊನ್ನಂಪೇಟೆ ಕಡೆ. ನಮ್ಮ ಮನೆಯಲ್ಲೂ ನೆಂಟರ ಮನೆಗಳಲ್ಲೂ ಡಿಜಿಟಲ್ ಕ್ಯಾಮೆರಾ ಬಂದ ಮೇಲಿನ ಮದುವೆ, ಗೃಹಪ್ರವೇಶ ಎಲ್ಲ ಡಿಸ್ಕ್‌ನಲ್ಲೇ ಇದೆ. ಸ್ಟುಡಿಯೋದವರು ಒಂದು ಆಲ್ಬಮ್, ಒಂದು ಡಿಸ್ಕ್ ಕೊಡುತ್ತಿದ್ದರು. ಆಲ್ಬಮ್ ಒಬ್ಬರ ಮನೆಗೆ ಹೋಗುತ್ತದೆ, ಡಿಸ್ಕ್ ಬೀರುವಿನಲ್ಲಿ ಸೀರೆಗಳ ಕೆಳಗೆ ಸೇರುತ್ತದೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಇದೆಯಲ್ಲ ಅಂತ ಎಲ್ಲರೂ ಸುಮ್ನೆ ಇರುತ್ತಾರೆ. ಒಳಗೆ ಏನು ಉಳಿದಿದೆ ಅಂತ ನೋಡಿದವರು ಕಡಿಮೆ.

ಯುಎಸ್‌ಬಿಗೆ ಚುಚ್ಚುವ ಡಿವಿಡಿ ಡ್ರೈವ್ ಒಂದು ಬೇಕು. ಅದಕ್ಕಿಂತ ಮೊದಲು ಡಿಸ್ಕ್ ಅನ್ನು ಬೆಳಕಿಗೆ ಹಿಡಿದು ನೋಡಿ. ಎಲ್ಲರೂ ಹೊಳೆಯುವ ಭಾಗ ನೋಡುತ್ತಾರೆ. ಸಿಡಿಯ ವಿಷಯದಲ್ಲಿ ಜಾಸ್ತಿ ಹೆದರಬೇಕಾದದ್ದು ಮೇಲ್ಭಾಗಕ್ಕೆ, ಅಂದರೆ ಹೆಸರು ಬರೆದಿರುವ ಕಡೆಗೆ. ಮಾಹಿತಿ ಇರುವ ಪದರ ಅಲ್ಲೇ, ತೆಳುವಾದ ಲ್ಯಾಕರ್ ಕೆಳಗೆ ಇದೆ. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದಿದ್ದರೆ, ಅಂಟಿಸಿದ ಲೇಬಲ್ ಕಿತ್ತಿದ್ದರೆ, ಆ ಜಾಗ ಹೋಯಿತು ಅಂತಲೇ ಲೆಕ್ಕ. ಹೊಳೆಯುವ ಕಡೆಯ ಗೀರು ಅಷ್ಟು ಅಪಾಯ ಅಲ್ಲ, ಅಲ್ಲಿ ದಪ್ಪ ಪ್ಲಾಸ್ಟಿಕ್ ಇದೆ. ಡಿವಿಡಿಯಲ್ಲಿ ಪದರ ಎರಡು ಪ್ಲಾಸ್ಟಿಕ್ ತಟ್ಟೆಗಳ ನಡುವೆ ಇರುವುದರಿಂದ ಮೇಲ್ಭಾಗ ಸ್ವಲ್ಪ ಗಟ್ಟಿ.

ನಮ್ಮಲ್ಲಿ ಗೀರಿಗಿಂತ ದೊಡ್ಡ ಶತ್ರು ಬೂಷ್ಟು. 2001ರಲ್ಲಿ ಸ್ಪೇನಿನ ವಿಜ್ಞಾನಿಗಳು ಮಧ್ಯ ಅಮೆರಿಕದ ಬೆಲೀಜ್‌ನಿಂದ ಬಂದ ಒಂದು ಸಿಡಿಯಲ್ಲಿ ಫಂಗಸ್ ಪದರವನ್ನೇ ತಿಂದಿದ್ದನ್ನು ಕಂಡಿದ್ದರು. ಆ ಊರಿನ ಸೆಕೆ, ತೇವ ಎರಡೂ ಜಾಸ್ತಿ. ನಮ್ಮಲ್ಲಿ ಸೆಕೆ ಇಲ್ಲದಿದ್ದರೂ ತೇವಕ್ಕೇನೂ ಕೊರತೆ ಇಲ್ಲ, ಅಲ್ವಾ? ನಾನು ನೋಡಿದ ಡಿಸ್ಕ್‌ಗಳಲ್ಲಿ ಬಹಳಷ್ಟಕ್ಕೆ ಬೂಷ್ಟು ಮೇಲ್ಮೈಯಲ್ಲಿ ಮಾತ್ರ ಹಿಡಿದಿತ್ತು. ಮೆತ್ತಗಿನ ಹತ್ತಿ ಬಟ್ಟೆ, ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್ ಇದ್ದರೆ ಸಾಕು. ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ಗುಂಡಗೆ ಉಜ್ಜಬಾರದು. ಗುಂಡಗೆ ಬಿದ್ದ ಗೀರು ಮಾಹಿತಿಯ ಸಾಲಿನ ಉದ್ದಕ್ಕೇ ಓಡುತ್ತದೆ. ಆಮೇಲೆ ಡ್ರೈವ್‌ನಲ್ಲಿರುವ ತಿದ್ದುವ ವ್ಯವಸ್ಥೆಗೂ ಅದು ನಿಲುಕುವುದಿಲ್ಲ.

ಡಿಸ್ಕ್ ಓಡಿದ ಕೂಡಲೇ ಫೋಟೋ ತೆರೆದು ನೋಡುವ ಆಸೆ ಆಗುತ್ತದೆ. ತಡೆದುಕೊಳ್ಳಿ. ಮೊದಲು ಪೂರ್ತಿ ಕಾಪಿ ಆಗಲಿ. ಕಾಪಿ ನಡುವೆ ನಿಂತುಹೋದರೆ ಇನ್ನೊಂದು ಡ್ರೈವ್‌ನಲ್ಲಿ ಹಾಕಿ ನೋಡುತ್ತೇನೆ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಸಲೀಸಾಗಿ ಓದುವುದು ಉಂಟು. ಅದಕ್ಕೂ ಬಗ್ಗದಿದ್ದರೆ ಲಿನಕ್ಸ್‌ನಲ್ಲಿ ಓಡುವ ಡಿಡಿ ರೆಸ್ಕ್ಯೂ ಅನ್ನುವ ಪ್ರೋಗ್ರಾಂ. ಓದಲಾಗದ ಜಾಗವನ್ನು ಬಿಟ್ಟು ಮುಂದೆ ಹೋಗಿ, ಉಳಿದದ್ದನ್ನೆಲ್ಲ ಎತ್ತಿಕೊಂಡು, ಕೊನೆಗೆ ಆ ಜಾಗಕ್ಕೆ ಮತ್ತೆ ಬರುತ್ತದೆ. ರಾತ್ರಿಯಿಡೀ ಓಡಿದರೂ ಓಡಲಿ ಅಂತ ಬಿಡಬೇಕು. ಕೆಲವು ಫೋಟೋಗಳು ಮೇಲರ್ಧ ಸರಿಯಾಗಿ, ಕೆಳಗರ್ಧ ಬೂದು ಬಣ್ಣವಾಗಿ ಬರುತ್ತವೆ. ಮುಖ ಮೇಲಿದ್ದರೆ ಕತ್ತರಿಸಿ ಬಳಸಬಹುದು.

ಡಿಸ್ಕ್ ಮೇಲೆ 'ಮದುವೆ ಫೋಟೋ' ಅಂತ ಬರೆದಿದ್ದರೂ ಒಳಗೆ ಫೋಟೋ ಫೈಲೇ ಇಲ್ಲದಿರಬಹುದು. ಟಿವಿಯಲ್ಲಿ ಹಾಡಿನ ಜೊತೆ ಓಡುವ ಸ್ಲೈಡ್ ಶೋ ಮಾತ್ರ ಇರುತ್ತದೆ. ಡಿವಿಡಿ ವಿಡಿಯೋ ಅಂದರೆ 720×576 ಪಿಕ್ಸೆಲ್, ಅಷ್ಟೇ. ಅದರಿಂದ ಒಂದು ಚಿತ್ರ ಹಿಡಿದು ಪ್ರಿಂಟ್ ಮಾಡಿದರೆ ಪರ್ಸ್‌ನಲ್ಲಿ ಇಡುವ ಗಾತ್ರಕ್ಕೆ ಚೆನ್ನಾಗಿರುತ್ತದೆ, ಗೋಡೆಗೆ ಆಗುವುದಿಲ್ಲ. ಇದರ ಉಲ್ಟಾ ಅದೃಷ್ಟವೂ ಉಂಟು. ಕರಿಜ್ಮಾ ಆಲ್ಬಮ್‌ನ, ಅಂದರೆ ಕಂಪ್ಯೂಟರ್‌ನಲ್ಲಿ ಜೋಡಿಸಿದ ಆಲ್ಬಮ್‌ನ, ಪುಟಗಳ ಫೈಲ್ ಸಿಕ್ಕಿತು ಅನ್ನಿ. 12×36 ಇಂಚಿನ ಪುಟ 300 ಡಿಪಿಐಯಲ್ಲಿ (ಇಂಚಿಗೆ 300 ಪಿಕ್ಸೆಲ್) ಇದ್ದರೆ 10,800 ಪಿಕ್ಸೆಲ್ ಅಗಲ. ಹಿಂದೆ ಹಾಕಿರುವ ಗುಲಾಬಿ ಹೂ, ಹಾರುವ ಪಾರಿವಾಳ ಎಲ್ಲ ಬಿಟ್ಟು ಬೇಕಾದ ಮುಖಗಳನ್ನಷ್ಟೇ ಕತ್ತರಿಸಿಕೊಳ್ಳಬಹುದು.

ಗಾತ್ರದ ಲೆಕ್ಕ ಸುಲಭ. ಇಂಚಿಗೆ 300 ಪಿಕ್ಸೆಲ್ ಇದ್ದರೆ ಹತ್ತಿರದಿಂದ ನೋಡಿದರೂ ಚೆಂದ. ಗೋಡೆಯ ಮೇಲಿನದಕ್ಕೆ 200 ಸಾಕು. 4×6ಕ್ಕೆ, ಅಂದರೆ ಸ್ಟುಡಿಯೋದವರು ಮ್ಯಾಕ್ಸಿ ಅನ್ನುವ ಸೈಜ್‌ಗೆ, 1200×1800 ಬೇಕು. ಹಳೆಯ 3 ಮೆಗಾಪಿಕ್ಸೆಲ್ ಕ್ಯಾಮೆರಾದ 2048×1536 ಕೂಡ ಮ್ಯಾಕ್ಸಿಗೆ ಧಾರಾಳ. ಆದರೆ ಅದು ನಾಲ್ಕಕ್ಕೆ ಮೂರರ ಆಕಾರ, ಪೇಪರ್ ಮೂರಕ್ಕೆ ಎರಡು. ಪ್ರಿಂಟರ್ ತಾನೇ ಕತ್ತರಿಸಲಿ ಅಂತ ಬಿಟ್ಟರೆ ಮೊದಲು ಹೋಗುವುದು ಹಿಂದಿನ ಸಾಲಿನಲ್ಲಿ ನಿಂತವರ ಮಂಡೆತುಣಿ, ಅಂದರೆ ಪೇಟ. ಎಲ್ಲಿ ಕತ್ತರಿಸಬೇಕು ಅಂತ ನಾವೇ ಹೇಳಬೇಕು. ಎ4 ಹಾಳೆಯಲ್ಲಿ ಮ್ಯಾಕ್ಸಿ ಮೂರು ಕೂರುತ್ತವೆ: ಎರಡು ಉದ್ದಕ್ಕೆ ಪಕ್ಕಪಕ್ಕ, ಒಂದು ಕೆಳಗೆ ಅಡ್ಡಕ್ಕೆ.

ಪ್ರಿಂಟರ್ ಬಗ್ಗೆ ಜನ ಜಾಸ್ತಿ ಕೇಳುತ್ತಾರೆ, ಹೇಳುವುದಕ್ಕೆ ಇರುವುದು ಕಡಿಮೆ. ನನ್ನದು ಎಪ್ಸನ್ ಎಲ್805, ಆರು ಬಣ್ಣದ ಇಂಕ್ ಟ್ಯಾಂಕ್. ಮಾಮೂಲಿ ನಾಲ್ಕರ ಜೊತೆ ತಿಳಿ ಸಯಾನ್, ತಿಳಿ ಮೆಜೆಂತಾ ಇರುವುದರಿಂದ ಮುಖದ ಬಣ್ಣದಲ್ಲಿ ಚುಕ್ಕಿ ಕಾಣುವುದಿಲ್ಲ. ನಾಲ್ಕು ಬಣ್ಣದ್ದರಲ್ಲೂ ಕೆಲಸ ಆಗುತ್ತದೆ. ಒಂದು ಮಾತ್ರ ನೋಡಿಕೊಳ್ಳಿ: ಕೆಲವು ಆಫೀಸ್ ಪ್ರಿಂಟರ್‌ಗಳಲ್ಲಿ ಕಪ್ಪು ಇಂಕ್ ಪಿಗ್ಮೆಂಟ್ (ಸಣ್ಣ ಕಣಗಳ ಇಂಕ್), ಉಳಿದ ಬಣ್ಣಗಳು ಡೈ (ಕರಗಿದ ಬಣ್ಣದ ಇಂಕ್). ಗ್ಲಾಸಿ ಪೇಪರ್ ಹಾಕಿದಾಗ ಅಂಥವು ಕಪ್ಪು ಇಂಕ್ ಮುಟ್ಟದೆ ಬಣ್ಣಗಳನ್ನು ಬೆರೆಸಿ ಕಪ್ಪು ಮಾಡುತ್ತವೆ. ಆ ಕಪ್ಪಿಗೆ ಆಳ ಇರುವುದಿಲ್ಲ. ನಮಗೆ ಕಪ್ಪೇ ಮುಖ್ಯ.

ಯಾಕೆಂದರೆ ಕುಪ್ಯ, ಕೊಡವ ಗಂಡಸರು ತೊಡುವ ಉದ್ದ ಕೋಟು. ಕೊಡವ ಮದುವೆಯ ಗುಂಪು ಫೋಟೋ ತೆಗೆದುಕೊಳ್ಳಿ. ವರ ಬಿಳಿ ಕುಪ್ಯದಲ್ಲಿ, ಸುತ್ತ ಕಪ್ಪು ಕುಪ್ಯ ತೊಟ್ಟ ಗಂಡಸರು, ಸೊಂಟಕ್ಕೆ ಸುತ್ತಿದ ಕೆಂಪು ಚೇಲೆ, ಅದರೊಳಗೆ ಬೆಳ್ಳಿ ಕಟ್ಟಿನ ಪೀಚೆಕತ್ತಿ, ಪಕ್ಕದಲ್ಲಿ ಕೆಂಪು ರೇಷ್ಮೆ ಸೀರೆಯ ವಧು. ಪ್ರಿಂಟರ್‌ಗೆ ಕಷ್ಟ ಕೊಡುವ ಮೂರೂ ಬಣ್ಣ ಒಂದೇ ಚೌಕಟ್ಟಿನಲ್ಲಿ. ಸ್ಕ್ರೀನ್ ಮೇಲೆ ಕುಪ್ಯದ ಮಡಿಕೆ, ತೋಳಿನ ಅಂಚು ಎಲ್ಲ ಕಾಣುತ್ತದೆ. ಪೇಪರ್ ಮೇಲೆ ನೋಡಿದರೆ ಕರಿ ಗೋಡೆಯ ಮೇಲೆ ತಲೆಗಳು ಸಾಲಾಗಿ ನಿಂತಿರುತ್ತವೆ.

ಇದಕ್ಕೆ ನಾನು ಮಾಡುವುದು ಹೀಗೆ. ಮೊದಲು ಲ್ಯಾಪ್‌ಟಾಪ್ ಬ್ರೈಟ್‌ನೆಸ್ ಇಳಿಸುತ್ತೇನೆ. ಹಗಲು ಹೊತ್ತಿನಲ್ಲಿ ಜಗುಲಿಯ ಹತ್ತಿರ ಕೂತು, ಸ್ಕ್ರೀನ್ ಮೇಲೆ ಖಾಲಿ ಬಿಳಿ ಪುಟ ತೆರೆದು, ಪಕ್ಕದಲ್ಲಿ ಬಿಳಿ ಹಾಳೆ ಹಿಡಿದು, ಎರಡೂ ಒಂದೇ ಬಿಳುಪು ಅನ್ನಿಸುವವರೆಗೆ ಇಳಿಸುವುದು. ಪ್ರಿಂಟ್ ಕಪ್ಪಾಗಿ ಬಂತು ಅನ್ನುವ ದೂರಿನಲ್ಲಿ ಅರ್ಧಕ್ಕರ್ಧ ಇಲ್ಲೇ ಮುಗಿಯುತ್ತದೆ.

ಆಮೇಲೆ ಫೋಟೋ ತಿದ್ದುವ ಗಿಂಪ್ ಪ್ರೋಗ್ರಾಂನಲ್ಲಿ ಒಂದು ಪಟ್ಟಿ. ಅದರಲ್ಲಿ 0 ಅಂದರೆ ಪೂರ್ತಿ ಕಪ್ಪು, 255 ಅಂದರೆ ಪೂರ್ತಿ ಬಿಳಿ. ಕಪ್ಪಿನಿಂದ ಶುರುಮಾಡಿ 0, 5, 10 ಅಂತ 50ರವರೆಗೆ ಸಣ್ಣ ಚೌಕಗಳು. ಇದನ್ನು ನಾನು ಬಳಸುವ ಪೇಪರ್ ಮೇಲೆಯೇ ಪ್ರಿಂಟ್ ಮಾಡಿ, ಒಣಗಿದ ಮೇಲೆ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೇನೆ. ನನ್ನ ಲಸ್ಟರ್ (ಅರೆ ಹೊಳಪಿನ) ಪೇಪರ್ ಮೇಲೆ 15ರ ತನಕ ಎಲ್ಲ ಒಂದೇ ಕಪ್ಪು, 20ರಿಂದ ಬೇರೆ ಬೇರೆ ಕಾಣುತ್ತವೆ. ಮ್ಯಾಟ್ ಮೇಲೆ ಇನ್ನೂ ಕಷ್ಟ. ಅಂದರೆ ಕುಪ್ಯದ ಮಡಿಕೆ 20ರ ಕೆಳಗಿದ್ದರೆ ಪೇಪರ್ ಮೇಲೆ ಅದು ಇಲ್ಲವೇ ಇಲ್ಲ. ಗಿಂಪ್‌ನಲ್ಲಿ ಬೆಳಕು, ಕತ್ತಲು ತಿದ್ದುವ ಕರ್ವ್ಸ್‌ನಲ್ಲಿ ಆ ಕತ್ತಲಿನ ಭಾಗವನ್ನು ಮಾತ್ರ ಎತ್ತುತ್ತೇನೆ. ನಡುವಿನದನ್ನು ಮುಟ್ಟುವುದಿಲ್ಲ, ಮುಟ್ಟಿದರೆ ಮುಖಗಳು ಬಿಳಿಚಿಕೊಳ್ಳುತ್ತವೆ. ಪೂರ್ತಿ ಕಪ್ಪು ಸ್ವಲ್ಪ ಉಳಿಯಲೇಬೇಕು, ಕುಪ್ಯದ ಕಂಕುಳ ಹತ್ತಿರ, ಮಡಿಕೆಯ ಒಳಗೆ. ಎಲ್ಲವನ್ನೂ ಎತ್ತಿದರೆ ಕಪ್ಪು ಕುಪ್ಯ ಬೂದು ಕೋಟಾಗುತ್ತದೆ. ಅಜ್ಜಂದಿರು ಒಪ್ಪುವುದಿಲ್ಲ.

ಬಿಳಿ ಕುಪ್ಯಕ್ಕೆ ಮದ್ದು ಕಡಿಮೆ. ಫ್ಲ್ಯಾಶ್ ಹೊಡೆದು 255ಕ್ಕೆ ಹೋಗಿದ್ದರೆ ಅಲ್ಲಿ ಏನೂ ಇಲ್ಲ. ಜೆಪೆಗ್‌ನಿಂದ ಅದನ್ನು ಹಿಂದೆ ತರಲಾಗುವುದಿಲ್ಲ. ಪ್ರಿಂಟರ್ ಅಲ್ಲಿ ಇಂಕನ್ನೇ ಹಾಕುವುದಿಲ್ಲ, ಬರೀ ಪೇಪರ್ ಕಾಣುತ್ತದೆ. ಅತಿ ಬಿಳುಪನ್ನು 245ರ ಹತ್ತಿರಕ್ಕೆ ಇಳಿಸಿದರೆ ಕೊನೆಪಕ್ಷ ತೂತು ಬಿದ್ದ ಹಾಗೆ ಕಾಣುವುದಿಲ್ಲ. ಕೆಂಪು ಸೀರೆಯದು ಬೇರೆ ಸಮಸ್ಯೆ. ಸ್ಕ್ರೀನ್ ತೋರಿಸುವ ಕಡುಗೆಂಪು ಇಂಕಿನ ಕೈಗೆ ಸಿಗದ ಬಣ್ಣ. ಹತ್ತಿರದ ಒಂದು ಕೆಂಪಿಗೆ ಎಲ್ಲವನ್ನೂ ತಳ್ಳಿ ಪ್ರಿಂಟರ್ ಕೈತೊಳೆದುಕೊಳ್ಳುತ್ತದೆ, ಜರಿ ಮಾಯ. ಕೆಂಪಿನ ಗಾಢತೆ ಸ್ವಲ್ಪ ತಗ್ಗಿಸಿದರೆ ನೆರಿಗೆ, ಜರಿ ಎರಡೂ ತಿರುಗಿ ಬರುತ್ತವೆ.

ಪೂರ್ತಿ ಪ್ರಿಂಟ್‌ಗೆ ಮೊದಲು ಒಂದು ಮುಖ, ಒಂದು ಚೇಲೆ, ಒಂದು ತುಂಡು ಕುಪ್ಯ ಇರುವಂಥ ಬೆರಳಗಲದ ಪಟ್ಟಿ ಕತ್ತರಿಸಿ, ಅದನ್ನೇ ಮೂರ್ನಾಲ್ಕು ಬಗೆಯ ಬೆಳಕಿನಲ್ಲಿ ಒಂದೇ ಹಾಳೆಯ ಮೇಲೆ ಪ್ರಿಂಟ್ ಮಾಡಿ ಮನೆಯವರ ಮುಂದೆ ಹಿಡಿಯುತ್ತೇನೆ. ಯಾವುದು ಚೆಂದ ಅಂತ ಕೇಳುವುದಿಲ್ಲ. ಇವರು ಯಾರು ಅಂತ ಕೇಳುತ್ತೇನೆ. ತಟ್ಟನೆ ಗುರುತು ಸಿಕ್ಕಿದ ಪಟ್ಟಿ ಸಾಮಾನ್ಯವಾಗಿ ಸರಿಯಾದದ್ದೇ ಆಗಿರುತ್ತದೆ.

ಸೆಟ್ಟಿಂಗ್‌ನಲ್ಲಿ ಪೇಪರ್ ಬಗೆ ಸರಿಯಾಗಿ ಹೇಳುವುದೇ ದೊಡ್ಡ ವಿಷಯ. ಗ್ಲಾಸಿ ಹಾಕಿ 'ಪ್ಲೇನ್ ಪೇಪರ್' ಅಂತ ಬಿಟ್ಟರೆ ಇಂಕಿನ ಪ್ರಮಾಣವೇ ತಪ್ಪುತ್ತದೆ. ಬಣ್ಣ ನೋಡಿಕೊಳ್ಳುವ ಕೆಲಸ ಒಬ್ಬರಿಗೆ ಮಾತ್ರ ಕೊಡಿ, ಗಿಂಪ್‌ಗೋ ಪ್ರಿಂಟರ್‌ಗೋ. ಇಬ್ಬರೂ ತಿದ್ದಿದರೆ ಮುಖಗಳು ಕೆಂಪೇರುತ್ತವೆ. ಫೈಲ್‌ನ ಬಣ್ಣದ ವ್ಯವಸ್ಥೆ ಅಡೋಬ್ ಆರ್‌ಜಿಬಿ ಆಗಿದ್ದರೆ ಮಾಮೂಲಿ ಎಸ್‌ಆರ್‌ಜಿಬಿಗೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಬಣ್ಣ ಪೇಲವ ಆಗುವುದುಂಟು.

ಪೇಪರ್ ಮಾತ್ರ ನಮ್ಮ ಹವೆಯಲ್ಲಿ ಮಗುವಿನಷ್ಟು ಆರೈಕೆ ಕೇಳುತ್ತದೆ. ಪ್ಯಾಕೆಟ್ ಒಡೆದ ಮೇಲೆ ಜಿಪ್ ಕವರ್‌ಗೆ ಹಾಕಿ, ಸಿಲಿಕಾ ಜೆಲ್ ಪೊಟ್ಟಣ ಸೇರಿಸಿ, ಗಾಳಿಯಾಡದ ಡಬ್ಬದಲ್ಲಿ ಇಡುತ್ತೇನೆ. ಕ್ಯಾಮೆರಾ, ಬಟ್ಟೆಗೆ ಬೂಷ್ಟು ಬಾರದಿರಲಿ ಅಂತ ಬೀರುವಿನೊಳಗೆ ಸಣ್ಣ ಬಲ್ಬ್ ಉರಿಸುವ ಪದ್ಧತಿ ಇದೆಯಲ್ಲ, ಡಿಸ್ಕ್‌ಗಳನ್ನು ಮಾತ್ರ ಅದರ ಹತ್ತಿರ ಇಡಬೇಡಿ. ರೈಟ್ ಮಾಡಿದ ಡಿಸ್ಕ್‌ನ ಬಣ್ಣದ ಪದರಕ್ಕೆ ಬೆಳಕೂ ಬಿಸಿಯೂ ಆಗದು.

ಮಳೆಗಾಲದಲ್ಲಿ ಪ್ರಿಂಟ್ ಮಾಡುವುದಿಲ್ಲ ಅಂದೆ. ಆದರೂ ವಾರಕ್ಕೊಮ್ಮೆ ನಾಝಲ್ ಚೆಕ್ ಪುಟ (ಇಂಕ್ ಬರುವ ತೂತುಗಳನ್ನು ನೋಡುವ ಗೆರೆಗಳ ಪುಟ) ತೆಗೆಯುತ್ತೇನೆ, ಇಂಕ್ ಓಡಾಡುತ್ತಿರಲಿ ಅಂತ. ಗೆರೆ ಕಡಿದಿದ್ದರೆ ಮಾತ್ರ ಹೆಡ್ ಕ್ಲೀನಿಂಗ್. ಸುಮ್ಮಸುಮ್ಮನೆ ಕ್ಲೀನ್ ಮಾಡಿದರೆ ಇಂಕ್ ಖರ್ಚು, ಒಳಗಿನ ವೇಸ್ಟ್ ಇಂಕ್ ಪ್ಯಾಡ್ ಕೂಡ ಬೇಗ ತುಂಬುತ್ತದೆ. ಪ್ರಿಂಟ್ ಆಗುತ್ತಿರುವಾಗ ಕರೆಂಟ್ ಹೋದರೆ ಹೆಡ್ ನಡುದಾರಿಯಲ್ಲೇ ತೆರೆದು ನಿಲ್ಲುತ್ತದೆ. ಕರೆಂಟ್ ಬಂದ ಕೂಡಲೇ ಆನ್ ಮಾಡಿ, ಅದು ತನ್ನ ಮೂಲೆಗೆ ಹೋಗಿ ಮುಚ್ಚಿಕೊಂಡ ಮೇಲೆ ಪ್ರಿಂಟರ್‌ನ ಬಟನ್‌ನಿಂದಲೇ ಆಫ್ ಮಾಡಬೇಕು, ಗೋಡೆಯ ಸ್ವಿಚ್‌ನಿಂದ ಅಲ್ಲ. ನಾನು ಇನ್ವರ್ಟರ್ ಲೈನ್‌ಗೇ ಹಾಕಿಬಿಟ್ಟಿದ್ದೇನೆ.

ಪ್ರಿಂಟ್ ಮುಟ್ಟಿದರೆ ಒಣಗಿದಂತಿರುತ್ತದೆ. ಆದರೂ ಮೇಲೆ ಬಿಳಿ ಹಾಳೆ ಮುಚ್ಚಿ ಒಂದು ದಿನ ಬಿಡುತ್ತೇನೆ. ಕೂಡಲೇ ಫ್ರೇಮ್ ಹಾಕಿದರೆ ಇಂಕಿನಲ್ಲಿ ಉಳಿದದ್ದು ಆವಿಯಾಗಿ ಗಾಜಿನ ಒಳಗೆ ಮಂಜು ಕಟ್ಟುತ್ತದೆ. ಫೋಟೋಗೂ ಗಾಜಿಗೂ ನಡುವೆ ಮೌಂಟ್ ಬೋರ್ಡ್, ಅಂದರೆ ದಪ್ಪ ರಟ್ಟಿನ ಅಂಚು, ಬೇಕೇ ಬೇಕು. ಹಳೆಯ ಫೋಟೋಗಳು ಗಾಜಿಗೆ ಅಂಟಿಕೊಂಡು, ಬಿಡಿಸಲು ಹೋದರೆ ಮುಖ ಕಿತ್ತು ಬರುವುದನ್ನು ಇಲ್ಲಿ ಯಾರ ಮನೆಯಲ್ಲಾದರೂ ನೋಡಬಹುದು. ಮಳೆ ಹೊಡೆಯುವ ಹೊರಗೋಡೆಗೆ ತೂಗುಹಾಕಬೇಡಿ. ಒಳಗೋಡೆ ಆದರೂ ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ಬಾಟಲಿ ಕಾರ್ಕ್ ತುಂಡು ಅಂಟಿಸಿದರೆ ಗಾಳಿ ಆಡುತ್ತದೆ.

ಇನ್ನೂರು, ಮುನ್ನೂರು ಫೋಟೋ ಪ್ರಿಂಟ್ ಬೇಕು ಅನ್ನುವವರಿಗೆ ನಾನು ಪೆನ್‌ಡ್ರೈವ್ ಕೊಟ್ಟು ಮೈಸೂರಿನ ಲ್ಯಾಬ್‌ಗೆ ಕಳಿಸುತ್ತೇನೆ. ಅಷ್ಟು ಸಂಖ್ಯೆಗೆ ಮನೆಯ ಪ್ರಿಂಟರ್ ಲಾಭವಲ್ಲ. ಕೂತು ತಿದ್ದಬೇಕಾದ ಹತ್ತು ಹನ್ನೆರಡು ಫೋಟೋ, ಲ್ಯಾಬ್‌ನವರು ಕುಪ್ಯದ ಕಪ್ಪಿಗೆ ಅಷ್ಟು ಹೊತ್ತು ಕೊಡಲಾರದ ಫೋಟೋ, ಅಂಥವು ಮಾತ್ರ ಮನೆಯಲ್ಲಿ. ನೆಂಟರಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. ಬರುವಾಗ ಪೇಪರ್ ತನ್ನಿ ಅನ್ನುತ್ತೇನೆ: ಎ4, 260 ಜಿಎಸ್‌ಎಮ್‌ನ ಆಸುಪಾಸು, ಲಸ್ಟರ್. ಹೆಚ್ಚಿನವರು ಗ್ಲಾಸಿಯನ್ನೇ ತರುತ್ತಾರೆ.