ಬ್ಯಾಟರಿ ಕೂರಿಸುವ ಮುಂಚಿನ ಒಂದು ವಾರ

ನೋವು ಚಿಕಿತ್ಸಕನಾದ ನನ್ನ ಬಳಿಗೆ ಬರುವ ಸೊಂಟನೋವಿನವರಲ್ಲಿ ಬೆನ್ನುಹುರಿಗೆ ವಿದ್ಯುತ್ ಉದ್ದೀಪನ ಕೊಡಬೇಕಾದವರು ತೀರ ಕಡಿಮೆ. ಬೆನ್ನುಹುರಿಯ ಬಳಿ ತಂತಿ ಇಟ್ಟು, ಸಣ್ಣ ವಿದ್ಯುತ್ ಮಿಡಿತಗಳಿಂದ ನೋವನ್ನು ತಗ್ಗಿಸುವ ವಿಧಾನ ಇದು; ಮಿಡಿತ ಕೊಡುವ ಬ್ಯಾಟರಿಯನ್ನು ಚರ್ಮದಡಿ ಕೂರಿಸುತ್ತೇವೆ. ಶಸ್ತ್ರಚಿಕಿತ್ಸೆಯ ನಂತರವೂ ನೋವು ಉಳಿದು, ಮಾತ್ರೆ, ವ್ಯಾಯಾಮ, ಇಂಜೆಕ್ಷನ್‌ಗಳೆಲ್ಲ ಮುಗಿದವರಿಗೆ ಮಾತ್ರ ಇದರ ಮಾತೆತ್ತುತ್ತೇನೆ. ಉಪಕರಣಕ್ಕೆ ಹಲವು ಲಕ್ಷ ರೂಪಾಯಿ ತಗಲುತ್ತದೆ. ಮೇಲಾಗಿ, ಸೊಂಟನೋವಿಗೆ ಇದರಿಂದ ಬಹುಕಾಲದ ಲಾಭವಾಗುವುದು ಅನುಮಾನವೆಂದು ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದ 2023ರ ಕಾಕ್ರೇನ್ ಸಮೀಕ್ಷೆ ಹೇಳಿದೆ. ಇದನ್ನು ರೋಗಿಯಿಂದ ಮುಚ್ಚಿಡುವುದಿಲ್ಲ. ಆದ್ದರಿಂದಲೇ ಬ್ಯಾಟರಿ ಕೂರಿಸುವ ಮುಂಚೆ, ತಂತಿಯನ್ನಷ್ಟೇ ತಾತ್ಕಾಲಿಕವಾಗಿ ಇಟ್ಟು ಹೊರಗಿನಿಂದ ಮಿಡಿತ ಕೊಟ್ಟು ನೋಡುವ ಪ್ರಾಯೋಗಿಕ ವಾರವನ್ನು ನಾನು ಬಹಳ ಗಂಭೀರವಾಗಿ ನಡೆಸುತ್ತೇನೆ.

ಎರಡು ಬಾರಿ ಡಿಸ್ಕ್ ಶಸ್ತ್ರಚಿಕಿತ್ಸೆಯಾಗಿದ್ದ ಮಲೆನಾಡಿನ ಅಡಿಕೆ ಬೆಳೆಗಾರರೊಬ್ಬರನ್ನು ಬೋರಲು ಮಲಗಿಸಿ, ಚರ್ಮ ಮತ್ತು ಸ್ನಾಯುವನ್ನಷ್ಟೇ ಮರಗಟ್ಟಿಸಿ, ಎಕ್ಸ್‌ರೇ ಪರದೆ ನೋಡುತ್ತ ಸೊಂಟದ ಮೇಲ್ಭಾಗದಲ್ಲಿ ಸೂಜಿಯನ್ನು ಓರೆಯಾಗಿ ಇಳಿಸಿದೆ. ಸಿರಿಂಜನ್ನು ಒತ್ತುತ್ತಿದ್ದ ಹೆಬ್ಬೆರಳಿಗೆ ಅಲ್ಲಿಯವರೆಗೆ ಸಿಗುತ್ತಿದ್ದ ತಡೆ ಥಟ್ಟನೆ ಸಡಿಲವಾದಾಗ ಬೆನ್ನುಹುರಿಯ ಹೊದಿಕೆಯ ಹೊರಗಿರುವ ಎಪಿಡ್ಯೂರಲ್ ಜಾಗಕ್ಕೆ ತಲುಪಿದ್ದು ಖಾತ್ರಿಯಾಯಿತು. ಮಿಡಿತ ಹೊರಬರುವ ಎಂಟು ವಿದ್ಯುದಗ್ರಗಳ ತೆಳು ತಂತಿಯನ್ನು ಅಲ್ಲಿಂದ ಎದೆಭಾಗದ ಎಂಟನೆಯ ಕಶೇರುಮಣಿಯವರೆಗೆ ಏರಿಸಿ ಮಿಡಿತ ಆರಂಭಿಸಿದೆ. “ಕಾಲಲ್ಲಿ ಜುಮ್ ಅಂತಿದೆ ಡಾಕ್ಟ್ರೇ, ಸೊಂಟಕ್ಕೆ ಬಂದಿಲ್ಲ” ಎಂದರು. ನೋವಿರುವ ಜಾಗವನ್ನೆಲ್ಲ ಜುಮ್ಮು ಆವರಿಸುವವರೆಗೆ ತಂತಿಯನ್ನು ಕೂದಲೆಳೆಯಷ್ಟು ಸರಿಸುತ್ತ, ವಿದ್ಯುದಗ್ರಗಳನ್ನು ಬದಲಿಸುತ್ತ ಹೋಗುವ ಈ ಕೆಲಸಕ್ಕಾಗಿಯೇ ರೋಗಿ ಎಚ್ಚರವಾಗಿರಬೇಕು.

ನಾಲ್ಕನೆಯ ದಿನ ಅವರು ಬಾಗಿ ಕೊಡಪಾನ ಎತ್ತಿದರು. ಜುಮ್ಮು ತೊಡೆಗೆ ಇಳಿಯಿತು. ಎಕ್ಸ್‌ರೇಯಲ್ಲಿ ತಂತಿ ಸುಮಾರು ಒಂದು ಮಣಿಯಷ್ಟು ಕೆಳಗೆ ಜಾರಿತ್ತು. “ಬಾಗಬೇಡಿ” ಎಂದು ನಾನು ಹೇಳಿದ್ದೆನಾದರೂ ಮನೆಗೆಲಸದಲ್ಲಿ ಬಾಗುವುದು ಯಾವುದೆಂದು ಒಂದೊಂದಾಗಿ ಬಿಡಿಸಿ ಹೇಳಿರಲಿಲ್ಲ, ತಪ್ಪು ನನ್ನದೇ. ಮೇಲ್ತುದಿಯ ವಿದ್ಯುದಗ್ರಗಳಿಗೆ ಮಿಡಿತವನ್ನು ವರ್ಗಾಯಿಸಿದ್ದರಿಂದ ಸೊಂಟದ ಜುಮ್ಮು ಮರಳಿತು.

ನೋವು ಅರ್ಧಕ್ಕಾದರೂ ಇಳಿಯಬೇಕೆಂಬುದು ರೂಢಿಯ ಅಳತೆ. ಹತ್ತಕ್ಕೆ ಎಷ್ಟು ಎಂದು ಕೇಳಿದಾಗ ರೋಗಿಗಳು ವೈದ್ಯರ ಮುಖ ನೋಡಿ ಅಂಕ ಕೊಡುವುದೂ ಉಂಟು. ಹಾಗಾಗಿ ದಿನಚರಿ ಬರೆಯಿಸುತ್ತೇನೆ. ಅವರ ನೋಟ್‌ಬುಕ್ಕಿನ ಆರನೆಯ ದಿನದಲ್ಲಿ “ಪಂಕ್ತಿಯಲ್ಲಿ ಕೂತು ಮಜ್ಜಿಗೆಯವರೆಗೆ ಉಂಡೆ” ಎಂದಿತ್ತು. ಅದನ್ನು ಓದಿದ ಮೇಲೆಯೇ ಶಾಶ್ವತ ಅಳವಡಿಕೆಗೆ ಒಪ್ಪಿದೆ.

ಬ್ಯಾಟರಿಯ ಜಾಗ ಗುರುತಿಸುವ ದಿನ, ತೋಟಕ್ಕೆ ಹೋಗುವಾಗ ಕತ್ತಿ ಸಿಕ್ಕಿಸುವ ಕೊಕ್ಕೆಯನ್ನು ಸೊಂಟಕ್ಕೆ ಕಟ್ಟಿಕೊಂಡೇ ಬರಲು ಹೇಳಿದ್ದೆ. ಕೊಕ್ಕೆ ಬಲಕ್ಕಿತ್ತು; ಎಡಪೃಷ್ಠದ ಮೇಲ್ಭಾಗದಲ್ಲಿ ಪೆನ್ನಿನಿಂದ ಗುರುತು ಹಾಕಿದೆ.