ಬಿದ್ರಿ ಹೂಜಿಯ ಫೋಟೋ: ಕಪ್ಪು ಕಪ್ಪಾಗಿಯೇ ಬಂದ ಬಗೆ

ಬೀದರ್‌ನಲ್ಲಿ ಬಿದ್ರಿ ಸಾಮಾನು (ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ್ದು) ಮಾರುವ ಗೆಳೆಯನಿಗೆ ವಾಟ್ಸಾಪ್‌ಗೆ ಹಾಕಲು ಫೋಟೋ ಬೇಕಿತ್ತು. ಅಂಗಡಿಯೊಳಗೆ ತೆಗೆದರೆ ಹೂಜಿ ಬೂದು, ಬೆಳ್ಳಿ ಬಳ್ಳಿ ಬರೀ ಬಿಳಿ ಕಲೆ, ಮೇಲೆ ಕಾಳುಕಾಳಾಗಿ ನಾಯ್ಸ್ ಬೇರೆ.

ಬಿದ್ರಿಯ ಅಂದವೇ ಅದರ ಕಪ್ಪು. ಸತು–ತಾಮ್ರದ ಲೋಹಕ್ಕೆ ಬೀದರ್ ಕೋಟೆಯ ಮಣ್ಣು, ನವಸಾಗರ ಅನ್ನುವ ಉಪ್ಪು ಹಾಕಿ ತರಿಸುವ ಬಣ್ಣ ಅದು. ಆದರೆ ಫೋನಿನ ಆಟೋ ಮೋಡ್‌ಗೆ ಎದುರಿಗಿರುವುದೆಲ್ಲ ನಡುಬೂದು ಆಗಬೇಕು. ಫ್ರೇಮ್ ತುಂಬ ಕಪ್ಪು ಕಂಡರೆ ಬೆಳಕು ಸಾಲದು ಅಂತ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಲೆಕ್ಕ) ಏರಿಸಿಬಿಡುತ್ತದೆ. ನಾಯ್ಸ್ ಎದ್ದು ಕಾಣುವುದು ಅದಕ್ಕೇ.

ಹೂಜಿಯನ್ನು ಬಾಗಿಲ ಬಳಿ, ನೇರ ಬಿಸಿಲು ಬೀಳದ ಕಡೆ ಇಟ್ಟೆ. ಟ್ಯೂಬ್‌ಲೈಟ್ ಆರಿಸಿದೆ, ಎರಡು ಬೆಳಕು ಬೆರೆತರೆ ಬೆಳ್ಳಿಗೆ ಏನೇನೋ ಬಣ್ಣ ಬರುತ್ತದೆ. ಬೆಳಕು ತಿರುಗಿ ಬೀಳಲಿ ಅಂತ ನೆರಳಿನ ಕಡೆ ಬಿಳಿ ಥರ್ಮೋಕೋಲ್ ನಿಲ್ಲಿಸಿದೆ. ಟ್ರೈಪಾಡ್ ಮೇಲೆ ಫೋನ್, ಎಲ್ಲವನ್ನೂ ನಾವೇ ಹೊಂದಿಸುವ ಪ್ರೊ ಮೋಡ್, ಐಎಸ್‌ಒ 100. ಶಟರ್ (ಬೆಳಕು ಒಳಬಿಡುವ ಹೊತ್ತು) 1/8 ಸೆಕೆಂಡ್‌ನಿಂದ ಶುರು ಮಾಡಿ, ಬೆಳ್ಳಿಯ ಗೆರೆಗಳು ಬಿಡಿಬಿಡಿಯಾಗಿ ಕಾಣುವವರೆಗೆ ವೇಗ ಹೆಚ್ಚಿಸಿದೆ. 1/30ರ ಹತ್ತಿರ ಸರಿಹೋಯಿತು. ಬೆರಳು ತಾಗಿ ಅಲುಗದಂತೆ 2 ಸೆಕೆಂಡ್ ಟೈಮರ್. ಹೂಜಿ ಎಲ್ಲಿಗೂ ಓಡಲ್ಲ, ಹಾಗಾಗಿ ನಿಧಾನ ಶಟರ್ ನಡೆಯುತ್ತದೆ. ಮಕ್ಕಳ ಫೋಟೋಗೆ ಈ ಲೆಕ್ಕ ಆಗಲ್ಲ.

ಪ್ರೊ ಮೋಡ್ ಇಲ್ವಾ? ಬೆಳ್ಳಿ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಪಕ್ಕದ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆಳೆಯಿರಿ. ಡಿಜಿಟಲ್ ಜೂಮ್ ಮಾತ್ರ ಬೇಡ, ಅದು ನಾಯ್ಸನ್ನೂ ದೊಡ್ಡದು ಮಾಡುತ್ತದೆ. ಫೋನನ್ನೇ ಹತ್ತಿರ ಒಯ್ಯಿರಿ.