ಕೆಂಪು ವೇಷ, ಕಪ್ಪು ಬಿಳುಪು ಪ್ರಿಂಟು: ಯಕ್ಷಗಾನದ ಕುಣಿತ ತೆಗೆದ ನನ್ನ ಅನುಭವ

ಯಕ್ಷಗಾನವನ್ನು ಕಪ್ಪು ಬಿಳುಪು ಫಿಲ್ಮಿನಲ್ಲಿ ತೆಗೆಯುತ್ತೇನೆ ಅಂದರೆ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಎಲ್ಲರೂ ಕೇಳುವುದು ಒಂದೇ. ಅಷ್ಟು ಬಣ್ಣ ಬಳಿದುಕೊಂಡು ಕೂತಿದ್ದೇವೆ, ಅದನ್ನೆಲ್ಲ ಅಳಿಸಿ ಏನು ತೋರಿಸ್ತೀರಿ ಮಾರಾಯ್ರೇ? ನ್ಯಾಯವಾದ ಪ್ರಶ್ನೆಯೇ. ಬಣ್ಣದ ಫೋಟೋದಲ್ಲಿ ನನ್ನ ಕಣ್ಣು ಕಿರೀಟ, ಎದೆಕಟ್ಟು, ಭುಜಕೀರ್ತಿಗಳಲ್ಲೇ ನಿಂತುಬಿಡುತ್ತದೆ. ಕಾಲಿಗೆ ಇಳಿಯುವುದೇ ಇಲ್ಲ. ಬಣ್ಣ ತೆಗೆದರೆ ಮೊಣಕಾಲು ಎಷ್ಟು ಬಗ್ಗಿದೆ, ಮೈಯ ಭಾರ ಯಾವ ಪಾದದ ಮೇಲಿದೆ ಅನ್ನುವುದು ಮೊದಲು ಕಾಣುತ್ತದೆ. ನನಗೆ ಬೇಕಾದದ್ದು ಕುಣಿತ.

ಆದರೆ ಫಿಲ್ಮು ಬಣ್ಣವನ್ನು ಅಳಿಸುವುದಿಲ್ಲ. ಒಂದೊಂದು ಬಣ್ಣಕ್ಕೂ ಒಂದೊಂದು ಬೂದು ಕೊಡುತ್ತದೆ. ಯಾವುದಕ್ಕೆ ಯಾವ ಬೂದು ಅನ್ನುವುದು ನಮ್ಮ ಕಣ್ಣು ಹೇಳಿದಂತೆ ನಡೆಯುವುದಿಲ್ಲ. ಆಟದ (ಯಕ್ಷಗಾನ ಪ್ರದರ್ಶನದ) ಫೋಟೋದಲ್ಲಿ ನಿಜವಾದ ಕಷ್ಟ ಇರುವುದು ಇಲ್ಲೇ.

ನಮ್ಮ ಕಣ್ಣಿಗೆ ಕೆಂಪು ಅಂದರೆ ಗಾಢ, ಉಗ್ರ. ರಕ್ಕಸನ ಮುಖಕ್ಕೆ ಇಂಗಳೀಕ ಹಚ್ಚುತ್ತಿದ್ದದ್ದೇ ಅದಕ್ಕೆ. ಈಗ ಸಿಗುವ ಎಚ್‌ಪಿ5 ಪ್ಲಸ್, ಟ್ರೈ-ಎಕ್ಸ್ ಎರಡೂ ಪ್ಯಾಂಕ್ರೊಮ್ಯಾಟಿಕ್ ಫಿಲ್ಮು, ಕೆಂಪನ್ನೂ ಚೆನ್ನಾಗಿ ನೋಡುತ್ತವೆ. ರಂಗಸ್ಥಳದಲ್ಲಿ ಹ್ಯಾಲೊಜನ್ ದೀಪ ಇದ್ದರಂತೂ ಮುಗಿಯಿತು. ಆ ಬೆಳಕಿನಲ್ಲೇ ಕೆಂಪು ಜಾಸ್ತಿ, ನೀಲಿ ಕಡಿಮೆ. ಪರಿಣಾಮ, ಕೆಂಡದಂಥ ಮುಖ ಪ್ರಿಂಟಿನಲ್ಲಿ ತಿಳಿ ಬೂದಾಗಿ ಬರುತ್ತದೆ. ಹಣೆಯ ಕೆಂಪು ನಾಮ ಅರದಾಳ ಬಳಿದ ಹಳದಿ ಮುಖದಲ್ಲಿ ಕರಗಿಹೋಗುತ್ತದೆ. ಬಡಗಿನ (ಉತ್ತರದ ಶೈಲಿಯ ಯಕ್ಷಗಾನದ) ಕಸೆ ಸೀರೆಯ ಕೆಂಪು ಹಳದಿ ಚೌಕಗಳೂ ಅಷ್ಟೇ. ಕಣ್ಣಿಗೆ ಹೊಡೆಯುವ ಆ ಚೌಕಳಿ ಪ್ರಿಂಟಿನಲ್ಲಿ ಒಂದೇ ಬಣ್ಣದ ಬಟ್ಟೆ! ಕಾಡಿಗೆ ಮಾತ್ರ ಕಾಡಿಗೆಯಾಗಿಯೇ ಉಳಿಯುತ್ತದೆ. ಹಾಗಾಗಿ ಹುಬ್ಬು ಮತ್ತು ಕಣ್ಣು ಮುಖದಿಂದ ಹೊರಗೆ ಜಿಗಿಯುತ್ತವೆ. ಅದೊಂದು ಲಾಭ.

ಎಲ್‌ಇಡಿ ದೀಪ ಬಂದ ಮೇಲೆ ಇದು ಸ್ವಲ್ಪ ಬದಲಾಗಿದೆ. ಅದರ ಬೆಳಕಿನಲ್ಲಿ ಗಾಢ ಕೆಂಪು ಕಡಿಮೆ, ಹಾಗಾಗಿ ಇಂಗಳೀಕ ಸ್ವಲ್ಪ ಕಪ್ಪಾಗಿಯೇ ಬರುತ್ತದೆ. ಅಗ್ಗದ ಎಲ್‌ಇಡಿ ಆದರೆ ಮಿನುಗುತ್ತದೆ. ಶಟರ್ ಜಾಸ್ತಿ ವೇಗಕ್ಕೆ ಹಾಕಿದರೆ ಫ್ರೇಮಿನಲ್ಲಿ ಪಟ್ಟೆ ಬೀಳುತ್ತದೆ. ನಾನು 1/125 ಸೆಕೆಂಡು ದಾಟುವುದೇ ಇಲ್ಲ.

ಕೆಂಪನ್ನು ಕಪ್ಪು ಮಾಡುವ ಪಾಠದ ಉಪಾಯ ಅಂದರೆ ಲೆನ್ಸಿಗೆ ಹಸಿರು ಫಿಲ್ಟರ್. ಆದರೆ ಅದು ಎರಡು ಸ್ಟಾಪಿನಷ್ಟು ಬೆಳಕು ತಿನ್ನುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಅಥವಾ ದುಪ್ಪಟ್ಟು). ರಾತ್ರಿ ಗದ್ದೆಯ ಆಟದಲ್ಲಿ ಅಷ್ಟು ಕೊಡುವ ಶ್ರೀಮಂತಿಕೆ ಯಾರಿಗಿದೆ? ಹಾಗಾಗಿ ಕೆಲಸವನ್ನು ಎರಡು ಭಾಗ ಮಾಡಿಕೊಂಡಿದ್ದೇನೆ. ಮುಖದ ಬಣ್ಣಗಾರಿಕೆ ಚೌಕಿಯಲ್ಲಿ, ಕುಣಿತ ರಂಗಸ್ಥಳದಲ್ಲಿ. ಚೌಕಿಯಲ್ಲಿ ವೇಷಧಾರಿ ಕನ್ನಡಿ ಹಿಡಿದು ಗಂಟೆಗಟ್ಟಲೆ ಅಲುಗದೆ ಕೂತಿರುತ್ತಾರೆ. ಕ್ಯಾಮೆರಾ ಟ್ರೈಪಾಡಿನ ಮೇಲಿಟ್ಟು ಇಲ್‌ಫರ್ಡ್‌ನ ಆರ್ಥೊ ಪ್ಲಸ್ ಹಾಕುತ್ತೇನೆ. ಆ ಫಿಲ್ಮಿಗೆ ಕೆಂಪು ಕಾಣುವುದೇ ಇಲ್ಲ. ಹಗಲು ಬೆಳಕಿಗೆ ಅದರ ವೇಗ (ಬೆಳಕು ಹಿಡಿಯುವ ಶಕ್ತಿಯ ಅಳತೆ) 80, ಹಳದಿ ಬಲ್ಬಿಗೆ 40. ತುಂಬಾ ನಿಧಾನ, ಆದರೆ ಇಂಗಳೀಕ ಕಪ್ಪು ಕಬ್ಬಿಣದ ಹಾಗೆ ಬರುತ್ತದೆ, ಮುಖಕ್ಕೆ ಇಡುವ ಬಿಳಿ ಹಿಟ್ಟಿನ ಚುಟ್ಟಿ ಅದರ ಮೇಲೆ ಎದ್ದು ನಿಲ್ಲುತ್ತದೆ. ತೆಂಕಿನ (ದಕ್ಷಿಣದ ಶೈಲಿಯ) ಬಣ್ಣದ ವೇಷಕ್ಕೆ, ಅಂದರೆ ರಕ್ಕಸ ಪಾತ್ರಕ್ಕೆ, ಇದನ್ನು ಮೀರಿದ ಫಿಲ್ಮು ನನಗಂತೂ ಸಿಕ್ಕಿಲ್ಲ.

ರಂಗಸ್ಥಳಕ್ಕೆ ಎಚ್‌ಪಿ5 ಪ್ಲಸ್. ಅದರ ವೇಗ 400, ನಾನು 1600 ಅಂದುಕೊಂಡು ತೆಗೆಯುತ್ತೇನೆ. ಲೆನ್ಸು 50 ಅಥವಾ 85 ಮಿ.ಮೀ., ಎಫ್ 2ಕ್ಕೆ ತೆರೆದಿಟ್ಟು 1/125 ಅಥವಾ 1/60. ಬೆಳಕು ಅಳೆಯುವ ಮೀಟರ್ ಮಾತು ಕೇಳಬಾರದು. ಹಿಂದೆ ಇರುವ ಕತ್ತಲೆ ನೋಡಿ ಅದು ಇನ್ನಷ್ಟು ಬೆಳಕು ಕೇಳುತ್ತದೆ, ಕೊಟ್ಟರೆ ಮುಖ ಸುಣ್ಣ. ಆಟ ಶುರುವಾಗುವ ಮುಂಚೆ, ಪೂರ್ವರಂಗದ ಹೊತ್ತಿಗೆ ರಂಗಸ್ಥಳದ ಅಂಚಿಗೆ ಹೋಗಿ ಅಂಗೈ ಚಾಚಿ ಅಳೆಯುತ್ತೇನೆ. ಅಂಗೈಯಿಂದ ಬಂದ ಲೆಕ್ಕಕ್ಕಿಂತ ಒಂದು ಸ್ಟಾಪ್ ಜಾಸ್ತಿ. ಅಲ್ಲಿಂದ ಬೆಳಗಿನ ತನಕ ಆ ಬೆಳಕಿನ ಲೆಕ್ಕ ಬದಲಾಯಿಸುವುದಿಲ್ಲ, ದೀಪ ಬದಲಾಗುವುದಿಲ್ಲವಲ್ಲ. ಫ್ಲ್ಯಾಶ್ ಕೇಳಲೇಬೇಡಿ. ಅರ್ಥ, ಅಂದರೆ ಪಾತ್ರದ ಮಾತು, ಹೇಳುತ್ತಿರುವವರ ಕಣ್ಣಿಗೆ ಮಿಂಚು ಹೊಡೆಯುವುದು ಅನ್ಯಾಯ. ಜೊತೆಗೆ ಕಿರೀಟದ ಕನ್ನಡಿ ಚೂರುಗಳೆಲ್ಲ ಒಟ್ಟಿಗೆ ಉರಿದು ಚಿತ್ರವೂ ಹಾಳು.

ಇನ್ನು ಕುಣಿತ. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಶಟರ್ ಒತ್ತಿದಾಗ ಕನ್ನಡಿ ಮೇಲೇಳುತ್ತದೆ, ಒಂದು ಕ್ಷಣ ಫೈಂಡರ್ ಕಪ್ಪಾಗುತ್ತದೆ. ನಿಮಗೆ ಕಂಡ ಹೆಜ್ಜೆ ಫಿಲ್ಮಿಗೆ ಬಿದ್ದಿಲ್ಲ ಅಂತಲೇ ಅರ್ಥ. ಬಿದ್ದದ್ದು ನೀವು ಕಾಣದೆ ಇದ್ದದ್ದು. ಹಾಗಾದರೆ ನಂಬುವುದು ಯಾವುದನ್ನು? ಚಂಡೆಯನ್ನು. ಯಕ್ಷಗಾನದಲ್ಲಿ ಹೆಜ್ಜೆ ತಾಳ ಬಿಟ್ಟು ಹೋಗುವುದಿಲ್ಲ. ಭಾಗವತರು ಪದ ಮುಗಿಸುವ ಕಡೆ ಬರುತ್ತಿದ್ದಾರೆ ಅಂತ ಗೊತ್ತಿದ್ದರೆ ಮುಕ್ತಾಯ ಎಲ್ಲಿ ಬೀಳುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಮುಕ್ತಾಯದ ಪೆಟ್ಟು ಬಿದ್ದಾಗ ವೇಷ ಕೈ ಚಾಚಿ ಗಕ್ಕನೆ ನಿಲ್ಲುತ್ತದೆ. ಆ ನಿಲುವಿಗೆ 1/60 ಸಾಕು. ಏಕ, ಝಂಪೆ, ರೂಪಕ, ತ್ರಿವುಡೆ, ಅಷ್ಟ ಈ ತಾಳಗಳನ್ನು ಬೆರಳಲ್ಲಿ ಎಣಿಸುವಷ್ಟಾದರೂ ಕಲಿಯದೆ ಫಿಲ್ಮು ಸುರಿಯುವುದು ದುಡ್ಡು ದಂಡ. ನಾನು ಕಲಿತದ್ದು ಹಗಲು ತರಗತಿಗಳಲ್ಲಿ. ಉಡುಪಿಯ ಯಕ್ಷಗಾನ ಕೇಂದ್ರದಂಥ ಕಡೆ ಹುಡುಗರು ವೇಷ ಇಲ್ಲದೆ, ಬರೀ ಪಂಚೆ ಕಟ್ಟಿ ಹೆಜ್ಜೆ ಹಾಕುತ್ತಾರೆ. ಅಂಥ ಕಡೆ ಮೂಲೆಯಲ್ಲಿ ಕೂತು ನೋಡಿದರೆ ಸೊಂಟದಿಂದ ಕೆಳಗೆ ಏನು ನಡೆಯುತ್ತದೆ ಅನ್ನುವುದು ಬಿಡಿಸಿ ಕಾಣುತ್ತದೆ.

ತೆಂಕಿನ ಧೀಂಗಿಣದಲ್ಲಿ ವೇಷ ಹಾರಿ ತಿರುಗುತ್ತದೆ. ಹಾರಿದ ಮೈ ಮೇಲೆ ಹೋಗಿ ಕೆಳಗೆ ಬರುವ ಮುನ್ನ ತುತ್ತತುದಿಯಲ್ಲಿ ಅರೆಕ್ಷಣ ತೂಗುತ್ತದೆ, ಅಲ್ಲಿ ಒತ್ತಬೇಕು. ಬಡಗಿನ ಮಂಡಿ ಬೇರೆ. ಅಭಿಮನ್ಯುವೋ ಬಭ್ರುವಾಹನನೋ ಮೊಣಕಾಲೂರಿ ರಂಗಸ್ಥಳದ ಸುತ್ತ ತಿರುಗುತ್ತಾ ಹೋಗುವಾಗ ತೂಗುವ ಕ್ಷಣ ಅಂತ ಇಲ್ಲವೇ ಇಲ್ಲ. ಅದನ್ನು 1/500ರಲ್ಲಿ ತಡೆದು ನಿಲ್ಲಿಸಿದರೆ ಯಾರೋ ಬಿದ್ದುಕೊಂಡ ಹಾಗೆ ಕಾಣುತ್ತದೆ. ನಾನು 1/30ಕ್ಕೆ ಇಳಿಸಿ ಮುಖವನ್ನು ಹಿಂಬಾಲಿಸುತ್ತೇನೆ. ಬಟ್ಟೆ ಮಸುಕಾಗಲಿ, ಕೈ ಕರಗಲಿ, ಕಣ್ಣು ಒಂದು ಸ್ಪಷ್ಟ ಬಂದರೆ ಸಾಕು. ಒಂದು ರೋಲಿನಲ್ಲಿ ಅಂಥ ಒಂದು ಚೌಕಟ್ಟು ಸಿಕ್ಕರೆ ಆ ರಾತ್ರಿ ಚೆನ್ನಾಗಿತ್ತು ಅಂತ ಲೆಕ್ಕ.

ಬಡಗಿನ ಹೆಸರಾಂತ ವೇಷಧಾರಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ನೋಡಿದವರಿಗೆ ಇನ್ನೊಂದು ಮಾತು ಗೊತ್ತಿರುತ್ತದೆ. ಕುಣಿತ ಕಾಲಲ್ಲಿ ಮಾತ್ರ ಇರುವುದಿಲ್ಲ, ಹುಬ್ಬಿನಲ್ಲೂ ಭುಜದಲ್ಲೂ ಇರುತ್ತದೆ. 2017ರಲ್ಲಿ ಅವರು ತೀರಿಕೊಂಡರು. ಬಡಗಿನಲ್ಲಿ ಶೃಂಗಾರದ ಪದಕ್ಕೆ ಭುಜ ಕುಣಿಸುವ ಯುವ ಕಲಾವಿದರನ್ನು ತೆಗೆಯುವಾಗ ಈಗಲೂ ನಾನು ಅರ್ಧ ಮೈಯ ಚೌಕಟ್ಟಿಗೆ ಬರುತ್ತೇನೆ. ಪಾದ ಬಿಟ್ಟರೂ ನಷ್ಟ ಇಲ್ಲ.

ಜನವರಿಯಲ್ಲಿ ಬೆಳಗಿನ ಜಾವ ಇಬ್ಬನಿ ಲೆನ್ಸಿನ ಮೇಲೆ ಕೂರುತ್ತದೆ. ಹತ್ತಿ ಬಟ್ಟೆಯೊಂದು ಜೇಬಿನಲ್ಲಿರಲಿ. ಅಷ್ಟೇ.

ಫಿಲ್ಮಿನಲ್ಲಿ ಚಿತ್ರ ಮೂಡಿಸುವ ಡೆವಲಪರ್ ದ್ರಾವಣವನ್ನು ನಾನೇ ಕಲಸುತ್ತೇನೆ. ಡಿ-76ರ ಸೂತ್ರ ಹಳೆಯದು, ಎಲ್ಲರಿಗೂ ಗೊತ್ತಿರುವುದು. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100, ಹೈಡ್ರೊಕ್ವಿನೋನ್ 5, ಬೋರಾಕ್ಸ್ 2. ನೀರು 50 ಡಿಗ್ರಿ ಆಸುಪಾಸು ಬಿಸಿ ಇರಲಿ. ಮೊದಲು ಒಂದೇ ಚಿಟಿಕೆ ಸಲ್ಫೈಟ್, ಆಮೇಲೆ ಮೆಟಾಲ್, ಅದು ಪೂರ್ತಿ ಕರಗಿದ ಮೇಲೆ ಉಳಿದದ್ದು. ಸಲ್ಫೈಟ್ ಎಲ್ಲವನ್ನೂ ಮೊದಲೇ ಸುರಿದರೆ ಮೆಟಾಲ್ ಕರಗದೆ ತೇಲುತ್ತದೆ. ಎಲ್ಲ ಸಾಮಾನು ರಾಸಾಯನಿಕ ಅಂಗಡಿಯಲ್ಲಿ ಸಿಗುತ್ತದೆ, ಮೆಟಾಲ್ ಮಾತ್ರ ಹುಡುಕಬೇಕಾಗುತ್ತದೆ. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ನಡೆಯುತ್ತಿದ್ದ ಕಾಲದಲ್ಲಿ ಅವರ ‘ಇಂದು’ ಹೆಸರಿನ ಫಿಲ್ಮು, ಪೇಪರು ಊರೂರಿನ ಸ್ಟುಡಿಯೋಗಳಲ್ಲಿ ಇರುತ್ತಿತ್ತು. ಈಗ ಫಿಲ್ಮು, ಪೇಪರು ಎರಡೂ ಹೊರದೇಶದ್ದು. ಹಾಗಾಗಿ ಉಳಿತಾಯ ಮಾಡಲು ಉಳಿದಿರುವ ಜಾಗ ಡೆವಲಪರ್ ಒಂದೇ.

1600ಕ್ಕೆ ತೆಗೆದ ಎಚ್‌ಪಿ5ಕ್ಕೆ ಈ ಡೆವಲಪರಿನಲ್ಲಿ, ನೀರು ಬೆರೆಸದೆ, 20 ಡಿಗ್ರಿಯಲ್ಲಿ ಸುಮಾರು 14 ನಿಮಿಷ. ಕರಾವಳಿಯ ನಲ್ಲಿ ನೀರು 20 ಡಿಗ್ರಿ ಇರುವುದು ಕನಸಿನ ಮಾತು. ಐಸ್ ತುಂಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಕೆಟ್ಟಿಗೆ ಇಳಿಸಿ 24ಕ್ಕೆ ತರುತ್ತೇನೆ. ಆಗ 10 ನಿಮಿಷದ ಹತ್ತಿರ ಸಾಕು. ಡೆವಲಪರ್ ಕೆಲಸ ನಿಲ್ಲಿಸುವ ಸ್ಟಾಪ್ ದ್ರಾವಣ, ಚಿತ್ರ ಕಾಯಂ ಮಾಡುವ ಹೈಪೋ, ತೊಳೆಯುವ ನೀರು ಎಲ್ಲ ಅದೇ ಬಕೆಟ್ಟಿನ ಪಕ್ಕ ಕೂತು ಅದೇ ಶಾಖಕ್ಕೆ ಬರಬೇಕು. ಟ್ಯಾಂಕನ್ನು ಜಾಸ್ತಿ ಅಲ್ಲಾಡಿಸುವುದಿಲ್ಲ. ಹೀಗೆ ವೇಗ ಏರಿಸಿದ ಫಿಲ್ಮಿನಲ್ಲಿ ಕಾಂಟ್ರಾಸ್ಟ್ (ಕಪ್ಪು ಬಿಳುಪಿನ ಅಂತರ) ತಾನಾಗಿಯೇ ಏರಿರುತ್ತದೆ. ಅದರ ಮೇಲೆ ಕುಲುಕಿದರೆ ಕಿರೀಟದ ಚಿನ್ನದ ಬೇಗಡೆಯಲ್ಲಿ ಕುಸುರಿ ಉಳಿಯುವುದಿಲ್ಲ.

ಕಾಂಟ್ಯಾಕ್ಟ್ ಶೀಟ್ (ರೋಲಿನ ಎಲ್ಲ ಚಿತ್ರಗಳ ಪುಟ್ಟ ಪ್ರತಿ ಇರುವ ಹಾಳೆ) ಮಾಡಿದ ಮೇಲೆ ನೇರ ಪ್ರಿಂಟಿಗೆ ಹೋಗುವುದಿಲ್ಲ. ಅದನ್ನು ವೇಷಧಾರಿಗಳಿಗೆ ತೋರಿಸುತ್ತೇನೆ. ಅವರು ಆರಿಸುವ ರೀತಿಯೇ ಬೇರೆ. ಮುಖ ಎಷ್ಟು ಚಂದ ಬಂದಿದ್ದರೂ ಹಿಮ್ಮಡಿ ಎತ್ತಬಾರದ ಕಡೆ ಎತ್ತಿದ್ದರೆ "ಇದು ಬೇಡ" ಅಂತ ಬೆರಳು ಮುಂದಕ್ಕೆ ಸರಿಯುತ್ತದೆ. ನಾನು ಗುರುತು ಹಾಕಿಕೊಂಡದ್ದಕ್ಕೂ ಅವರು ಹೇಳಿದ್ದಕ್ಕೂ ಹೊಂದುವುದು ಅಪರೂಪ. ಇಬ್ಬರೂ ಒಪ್ಪಿದ್ದನ್ನೇ ದೊಡ್ಡದು ಮಾಡುವುದು. ಆಮೇಲೆ ಅವರು ಕೇಳುವುದು ಇದ್ದೇ ಇದೆ: "ಒಂದು ಕಲರ್ ಕಾಪಿ ಸಿಗ್ತದಾ?"

ಪ್ರಿಂಟಿನ ಕೆಲಸ ಮಳೆಗಾಲಕ್ಕೆ. ನವೆಂಬರಿನಲ್ಲಿ ಹೊರಟ ಮೇಳಗಳು ಮೇ ಕೊನೆಗೆ, ತುಳುನಾಡಿನ ಪತ್ತನಾಜೆ ದಿನದ ಹೊತ್ತಿಗೆ ತಿರುಗಾಟ ಮುಗಿಸುತ್ತವೆ. ಕೆಲವು ತಂಡಗಳು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಂಥ ಕಡೆ ಮಳೆಗಾಲದ ಆಟ ಕೊಡುತ್ತವೆ, ಅದು ಬಿಟ್ಟರೆ ಬಿಡುವು. ನೀರು ಧಾರಾಳ, ಸ್ವಲ್ಪ ತಣ್ಣಗೂ ಇರುತ್ತದೆ. ಕರೆಂಟಿನದ್ದು ಮಾತ್ರ ಗೋಳು. ನೆಗೆಟಿವ್ ದೊಡ್ಡದು ಮಾಡುವ ಎನ್‌ಲಾರ್ಜರಿನ ಹಳೆ ಬಲ್ಬು ವೋಲ್ಟೇಜ್ ಸ್ವಲ್ಪ ಇಳಿದರೂ ಬಹಳ ಮಂಕಾಗುತ್ತದೆ. ಟೆಸ್ಟ್ ಸ್ಟ್ರಿಪ್ಪಿನಲ್ಲಿ ಸರಿ ಬಂದ 12 ಸೆಕೆಂಡು ಪ್ರಿಂಟಿನಲ್ಲಿ ಸಾಲುವುದಿಲ್ಲ, ಯಾಕೆ ಅಂತಲೇ ತಿಳಿಯುವುದಿಲ್ಲ. ಮನೆಯಲ್ಲಿ ಡಾರ್ಕ್‌ರೂಮ್ ಮಾಡುವವರು ಒಳ್ಳೆಯ ಲೆನ್ಸಿಗಿಂತ ಮೊದಲು ಸ್ಟೆಬಿಲೈಸರ್ ಕೊಳ್ಳಿ.

ಮಲ್ಟಿಗ್ರೇಡ್ (ಫಿಲ್ಟರಿನಿಂದ ಕಾಂಟ್ರಾಸ್ಟ್ ಬದಲಿಸಬಹುದಾದ) ಫೈಬರ್ ಪೇಪರಿನಲ್ಲಿ ಒಂದೇ ಫಿಲ್ಟರಿಗೆ ನಾನು ಪ್ರಿಂಟು ಮಾಡುವುದಿಲ್ಲ. ಮೊದಲು ಅತಿ ಕಡಿಮೆ ಕಾಂಟ್ರಾಸ್ಟಿನ 00 ಫಿಲ್ಟರ್ ಹಾಕಿ ಕಿರೀಟದ ಬೇಗಡೆಗೆ, ಎದೆಕಟ್ಟಿಗೆ ಒಂದಿಷ್ಟು ಬೂದು ಬರುವ ತನಕ ಬೆಳಕು. ಆಮೇಲೆ ಅತಿ ಹೆಚ್ಚು ಕಾಂಟ್ರಾಸ್ಟಿನ 5 ಹಾಕಿ ಹಿಂದಿನ ರಾತ್ರಿ ಪೂರ್ತಿ ಕಪ್ಪಾಗುವ ತನಕ. ಈ ಎರಡನೆಯ ಬೆಳಕು ಬೀಳುವಾಗ ತಂತಿಗೆ ಅಂಟಿಸಿದ ಚಿಕ್ಕ ರಟ್ಟಿನ ಬಿಲ್ಲೆಯಿಂದ ಕಣ್ಣಿನ ಸುತ್ತ ನೆರಳು ಮಾಡುತ್ತೇನೆ, ಇಲ್ಲದಿದ್ದರೆ ಕಾಡಿಗೆ ಹಚ್ಚಿದ ಕಣ್ಣು ಕಪ್ಪು ಗುಳಿ ಆಗುತ್ತದೆ. ಕೆಂಪಿನ ಬಾಕಿ ತೀರಿಸುವುದು ಇಲ್ಲೇ. ರಟ್ಟಿನಲ್ಲಿ ಮುಖದ ಆಕಾರದ ತೂತು ಮಾಡಿ, ತಿಳಿಯಾಗಿ ಬಂದ ಇಂಗಳೀಕದ ಮುಖಕ್ಕೆ 3ನೇ ಗ್ರೇಡಿನಲ್ಲಿ ಇನ್ನಷ್ಟು ಬೆಳಕು ಸುರಿಯುತ್ತೇನೆ. ಕೈ ನಿಲ್ಲಿಸದೆ ಆಡಿಸುತ್ತಿರಬೇಕು, ನಿಂತರೆ ಗೆರೆ. ಕಸೆ ಸೀರೆಯ ಚೌಕಳಿ ಮಾತ್ರ ಏನು ಮಾಡಿದರೂ ವಾಪಸು ಬರುವುದಿಲ್ಲ. ಫಿಲ್ಮಿನಲ್ಲಿ ಎರಡೂ ಒಂದೇ ಬೂದು ಆದ ಮೇಲೆ ಬೇರೆ ಮಾಡುವುದು ಯಾರಿಂದಲೂ ಆಗದು.

ರಂಗಸ್ಥಳದ ಹಿಂದೆ ಕಟ್ಟುವ ಬಿಳಿ ಫ್ಲೆಕ್ಸ್ ಇದೆಯಲ್ಲ, ಹರಕೆ ಆಟ ಆಡಿಸುವವರ ಹೆಸರು, ಶುಭ ಕೋರುವವರ ಪಟ್ಟಿ, ಫೋನ್ ನಂಬರು. ಅದರದ್ದು ಇನ್ನೊಂದು ತಲೆನೋವು. ಕಿರೀಟದ ಅಂಚಿಗೇ ತಾಗಿ ಬರುತ್ತದೆ. 00 ಫಿಲ್ಟರಿನಲ್ಲಿ ಕಿರೀಟದ ಸುತ್ತ ರಟ್ಟು ಹಿಡಿದು ಸುಡುತ್ತೇನೆ, ಅಂದರೆ ಹೆಚ್ಚು ಬೆಳಕು ಕೊಟ್ಟು ಕಪ್ಪಾಗಿಸುತ್ತೇನೆ, ಅಕ್ಷರ ಓದಲು ಬಾರದಷ್ಟು. ಪೂರ್ತಿ ಕಪ್ಪು ಮಾಡುವುದಿಲ್ಲ. ಆಟ ನಡೆದ ಜಾಗ ಅಲ್ಲಿರಬೇಕು.

ಕೊನೆಗೆ ಕಣ್ಣಿನ ಬಿಳಿ. ತುಂಬಾ ನೀರಾಗಿಸಿದ ಪೊಟ್ಯಾಸಿಯಂ ಫೆರಿಸಯನೈಡನ್ನು ಸಣ್ಣ ಬ್ರಷ್ಷಿನ ತುದಿಯಲ್ಲಿ ತಾಗಿಸಿ ತಕ್ಷಣ ನೀರು ಹುಯ್ಯುತ್ತೇನೆ. ಬದಲಾವಣೆ ಕಾಣುವ ಮೊದಲೇ ನಿಲ್ಲಿಸಬೇಕು, ಕಂಡ ಮೇಲೆ ನಿಲ್ಲಿಸಿದರೆ ದಾಟಿ ಹೋಗಿರುತ್ತದೆ. ಆಮೇಲೆ ಮತ್ತೆ ಹೈಪೋ.

ಫೈಬರ್ ಪೇಪರು ಒಣಗಿದಾಗ ಚಿತ್ರ ಸ್ವಲ್ಪ ಹೆಚ್ಚು ಕಪ್ಪಾಗುತ್ತದೆ. ಅದಕ್ಕೆ ಒದ್ದೆಯಲ್ಲಿ ಸರಿ ಕಂಡದ್ದಕ್ಕಿಂತ ಶೇಕಡ 8ರಿಂದ 10ರಷ್ಟು ಕಡಿಮೆ ಬೆಳಕು ಕೊಡುತ್ತೇನೆ. ಹರಿಯುವ ನೀರಿನಲ್ಲಿ ಒಂದು ಗಂಟೆ ತೊಳೆದು, ಸೊಳ್ಳೆ ಪರದೆ ಬಿಗಿದ ಚೌಕಟ್ಟಿನ ಮೇಲೆ ಮುಖ ಕೆಳಗೆ ಮಾಡಿ ಮಲಗಿಸಿ, ಕೋಣೆಯಲ್ಲಿ ಫ್ಯಾನು ಹಾಕಿಬಿಡುತ್ತೇನೆ. ಆಷಾಢದಲ್ಲಿ ಎರಡು ದಿನವಾದರೂ ಬೇಕು, ಅವಸರ ಮಾಡಿ ಒಂದರ ಮೇಲೊಂದು ಇಟ್ಟರೆ ಬೂಷ್ಟು ಗ್ಯಾರಂಟಿ. ಒಣಗಿದ ಮೇಲೂ ಹಪ್ಪಳದ ಹಾಗೆ ಸುರುಳಿ ಆಗಿರುತ್ತದೆ. ಆಗ ಅವುಗಳನ್ನು ಬಿಳಿ ಕಾಗದದ ನಡುವೆ ಇಟ್ಟು, ಮೇಲೆ ನಿಘಂಟಿನ ಸಂಪುಟಗಳನ್ನು ಹೇರಿ ವಾರ ಬಿಡುವುದು. ಸಿಲಿಕಾ ಜೆಲ್ ಹಾಕಿದ ಡಬ್ಬಿಗೆ ಅವು ಹೋಗುವುದು ಅದರ ನಂತರವೇ.